ಹಿತ್ತಿಲ ಹಣ್ಣು, ದಣಿದ ಮೂತ್ರಪಿಂಡ

ಕಾಯಿಲೆ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ಮಂಗಳೂರಿನವರು ಬಿಡದೆ ಪಾಲಿಸಿಕೊಂಡು ಬಂದ ರೂಢಿ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗಾಗಲಿ, ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಗಾಗಲಿ ಹೊರಟವರು ಮೊದಲು ನಿಲ್ಲುವುದು ಹಣ್ಣಿನಂಗಡಿಯ ಮುಂದೆ. ಅರ್ಧ ಡಜನ್ ಕಿತ್ತಳೆ, ಒಂದು ಚಿಪ್ಪು ಬಾಳೆಹಣ್ಣು, ಬಿಸಿಲಿನ ದಿನವಾದರೆ ಎರಡು ಸೀಯಾಳ. ಇದೇ ಊರಿನ ಬೀದಿಗಳಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ತಮ್ಮ ಊರಿಗೊಂದು ಶಾಲೆ ಕಟ್ಟಿಸಲು ಹೊರಟ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಇಡೀ ದೇಶವೇ ಆ ಹಣ್ಣಿನ ಬುಟ್ಟಿಯತ್ತ ನೋಡಿತು. ಹಣ್ಣೆಂದರೆ ಇಲ್ಲಿ ಪ್ರೀತಿ, ಗೌರವ, ಆರೋಗ್ಯ ಎಲ್ಲವೂ ಹೌದು.

ಆದರೆ ಆ ಹಾಸಿಗೆಯಲ್ಲಿ ಮಲಗಿದವರ ಮೂತ್ರಪಿಂಡಗಳು ವರ್ಷಗಳಿಂದ ಸೋಲುತ್ತ ಬಂದಿದ್ದರೆ? ಆಗ ಅದೇ ಸೀಯಾಳ, ಅದೇ ಬಾಳೆಹಣ್ಣು ಬೇರೊಂದು ಲೆಕ್ಕಕ್ಕೆ ಸೇರುತ್ತವೆ. ಅಂಥವರ ಮನೆಗಳಲ್ಲಿ ಎರಡು ಬಗೆಯ ತಪ್ಪು ಕಾಣಸಿಗುತ್ತದೆ. ಹಣ್ಣಿನಿಂದ ಏನಾಗುತ್ತದೆ ಎಂದು ಕೇಳಿದ್ದೆಲ್ಲವನ್ನೂ ಕೊಡುವುದು ಒಂದು. ಯಾರೋ ಹೆದರಿಸಿದರೆಂದು ಎಲ್ಲ ಹಣ್ಣನ್ನೂ ನಿಲ್ಲಿಸಿ, ವಯಸ್ಸಾದವರನ್ನು ಒಂದು ಹೋಳು ಪೇರಳೆಗೂ ಹಂಬಲಿಸುವಂತೆ ಮಾಡುವುದು ಇನ್ನೊಂದು. ಮೊದಲನೆಯದು ಅಪಾಯ, ಎರಡನೆಯದು ಅನಗತ್ಯ. ಇವೆರಡರ ನಡುವಿನ ದಾರಿಗೆ ಬೇಕಾಗುವುದು ಪ್ರೌಢಶಾಲೆಯ ವಿಜ್ಞಾನ ಮತ್ತು ಸ್ವಲ್ಪ ಕೂಡುವ ಲೆಕ್ಕ.

ಜರಡಿ ಸೋತಾಗ

ಮೂತ್ರಜನಕಾಂಗ ಎಂದೂ ಕರೆಯಲಾಗುವ ಮೂತ್ರಪಿಂಡಗಳು ಎರಡು. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಜರಡಿಗಳಿವೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಮುಂತಾದ ಕಾರಣಗಳಿಂದ ಈ ಜರಡಿಗಳು ಒಂದೊಂದಾಗಿ ಕೆಡುತ್ತ ಹೋಗುತ್ತವೆ. ಈ ಹಾನಿ 3 ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದ ಮೇಲೂ ಮನುಷ್ಯ ಎಂದಿನಂತೆ ಓಡಾಡಿಕೊಂಡಿರಬಹುದು.

ಮೂತ್ರಪಿಂಡದ ಕೆಲಸಗಳಲ್ಲಿ ಹಣ್ಣಿಗೆ ನೇರ ಸಂಬಂಧಪಟ್ಟದ್ದು ಪೊಟ್ಯಾಸಿಯಂ ಎಂಬ ಮೂಲವಸ್ತುವಿನ ನಿಯಂತ್ರಣ. ರಸಾಯನಶಾಸ್ತ್ರದ ಕೋಷ್ಟಕದಲ್ಲಿ 19ನೆಯ ಸ್ಥಾನದಲ್ಲಿರುವ ಇದು ಸ್ನಾಯುಗಳಿಗೂ ನರಗಳಿಗೂ ಹೃದಯಕ್ಕೂ ಬೇಕೇಬೇಕು. ದೇಹದ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಓಡಾಡುವುದು ಅತ್ಯಲ್ಪ. ಆ ಅತ್ಯಲ್ಪವೇ ಹೃದಯದ ಬಡಿತವನ್ನು ಹಿಡಿತದಲ್ಲಿಡುತ್ತದೆ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್‌ನಷ್ಟು ಇರಬೇಕು. 5.5 ದಾಟಿದರೆ ಎಚ್ಚರಿಕೆ ಬೇಕು. 6.5 ದಾಟಿದರೆ ತುರ್ತು ಪರಿಸ್ಥಿತಿ. ಹೃದಯದ ಲಯ ತಪ್ಪಬಹುದು, ನಿಂತೂ ಹೋಗಬಹುದು.

ಆರೋಗ್ಯವಂತರು ಎರಡು ಬಾಳೆಹಣ್ಣು ಹೆಚ್ಚು ತಿಂದರೆ ಮೂತ್ರಪಿಂಡ ಆ ಹೆಚ್ಚುವರಿಯನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ. ವಯಸ್ಕರು ದಿನಕ್ಕೆ ಸುಮಾರು 3,500 ಮಿಲಿಗ್ರಾಂ ಪೊಟ್ಯಾಸಿಯಂ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದರಿಂದ ರಕ್ತದೊತ್ತಡ ಇಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಪಥ್ಯವಾಯಿತೆಂದು ಓದುವ ಮಕ್ಕಳ ಹಣ್ಣು ನಿಲ್ಲಿಸುವ ಅಗತ್ಯವಿಲ್ಲ. ಜರಡಿ ಸೋತವರಲ್ಲಿ ಮಾತ್ರ ಈ ಹೆಚ್ಚುವರಿ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ. ಕಾಯಿಲೆಯ ಮೊದಲ ಹಂತಗಳಲ್ಲಿ ಈ ತೊಂದರೆ ಬಹುತೇಕರಿಗೆ ಬರುವುದಿಲ್ಲ. ಕಾಯಿಲೆ ಮುಂದುವರಿದಾಗ, ಸಕ್ಕರೆ ಕಾಯಿಲೆ ಜೊತೆಗಿದ್ದಾಗ, ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಕೆಲವು ಮಾತ್ರೆಗಳನ್ನು ನುಂಗುತ್ತಿರುವಾಗ ಅಪಾಯ ಹೆಚ್ಚುತ್ತದೆ. ಆ ಮಾತ್ರೆಗಳು ಮೂತ್ರಪಿಂಡವನ್ನು ಕಾಪಾಡುವಂಥವೂ ಆಗಿರಬಹುದು. ಅವನ್ನು ತಾವಾಗಿ ನಿಲ್ಲಿಸುವುದು ತರವಲ್ಲ.

ಸೀಯಾಳದ ಲೆಕ್ಕ

ಕರಾವಳಿಯಲ್ಲಿ ಸೀಯಾಳಕ್ಕೆ ಔಷಧಿಯ ಸ್ಥಾನ. ಉಷ್ಣವಾದರೆ ಸೀಯಾಳ, ಉರಿಮೂತ್ರಕ್ಕೆ ಸೀಯಾಳ, ವಾಂತಿಭೇದಿಗೆ ಸೀಯಾಳ. ಮೂತ್ರ ಕಡಿಮೆಯಾಗಿದೆ ಎಂದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದೂ ತುಳುವರ ಬೊಂಡವೇ. ಆರೋಗ್ಯವಂತರ ಮಟ್ಟಿಗೆ ಈ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ ಮೂತ್ರಪಿಂಡದ ರೋಗಿಗೆ ಮೂತ್ರ ಕಡಿಮೆಯಾಗಿರುವಾಗಲೇ ಸೀಯಾಳ ಕೊಡುವುದೆಂದರೆ ಹೊರಹೋಗುವ ಬಾಗಿಲು ಮುಚ್ಚಿರುವಾಗ ಒಳಗೆ ಇನ್ನಷ್ಟು ತುಂಬಿದಂತೆ.

ಲೆಕ್ಕ ಸರಳವಾಗಿದೆ. 100 ಮಿಲಿಲೀಟರ್ ಸೀಯಾಳದ ನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ದೊಡ್ಡ ಲೋಟದಲ್ಲಿ 600 ಮಿಲಿಗ್ರಾಂ. ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಇಡೀ ದಿನದ ಊಟ, ತಿಂಡಿ, ಪಾನೀಯ ಎಲ್ಲ ಸೇರಿ 2,000ದಿಂದ 3,000 ಮಿಲಿಗ್ರಾಂ ಒಳಗಿರಬೇಕೆಂದು ವೈದ್ಯರು ಹೇಳುವುದುಂಟು. ಒಂದೇ ಲೋಟದಲ್ಲಿ ಅದರ ನಾಲ್ಕನೆಯ ಒಂದು ಭಾಗ ಖರ್ಚಾಗಿಬಿಡಬಹುದು.

ಅತಿಯಾದರೆ ಮೂತ್ರಪಿಂಡ ಸರಿಯಿದ್ದವರಿಗೂ ಕಷ್ಟ. ಬಿಸಿಲಿನಲ್ಲಿ ಇಡೀ ದಿನ ಟೆನಿಸ್ ಆಡುತ್ತ ಎಂಟು ಬಾಟಲಿ, ಅಂದರೆ ಎರಡೂವರೆ ಲೀಟರಿಗೂ ಮಿಕ್ಕಿ, ಸೀಯಾಳದ ನೀರು ಕುಡಿದ ನಡುವಯಸ್ಸಿನ ವ್ಯಕ್ತಿಯೊಬ್ಬ ಪೊಟ್ಯಾಸಿಯಂ ವಿಪರೀತ ಏರಿ ಕುಸಿದುಬಿದ್ದ ಪ್ರಕರಣವನ್ನು 2014ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯೊಂದು ವರದಿ ಮಾಡಿತು. ಆತ ಬದುಕಿಕೊಂಡ. ಆದರೆ ಮೂತ್ರಪಿಂಡ ಸೋತವರು ಅಂಥ ಸ್ಥಿತಿಗೆ ತಲುಪಲು ಎಂಟು ಬಾಟಲಿ ಬೇಕಾಗುವುದಿಲ್ಲ.

ಹಲಸು, ಬಾಳೆ, ಮಾವು

ಏಪ್ರಿಲಿನಿಂದ ಜೂನ್‌ವರೆಗೆ ದಕ್ಷಿಣ ಕನ್ನಡದ ಮನೆಗಳಲ್ಲಿ ಹಲಸಿನದೇ ದರಬಾರು. ಬಕ್ಕೆಯಾಗಲಿ ತುಳುವೆಯಾಗಲಿ, ಕೊಯ್ದು ಜಗಲಿಯಲ್ಲಿ ಬಿಡಿಸಿ ಕುಳಿತರೆ ಸೊಳೆಗಳ ಲೆಕ್ಕ ಇಡುವವರಿಲ್ಲ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಲಸಿನ ಹಣ್ಣಿನಲ್ಲಿ ಸುಮಾರು 450 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ನಾವೆಲ್ಲ ದೂರುವ ಬಾಳೆಹಣ್ಣಿನಲ್ಲಿ ಇರುವುದು ಅದಕ್ಕಿಂತ ಕಡಿಮೆ, ಸುಮಾರು 360. ಆದರೆ ಬಾಳೆಹಣ್ಣು ತಿನ್ನುವವರು ಒಂದಕ್ಕೆ ನಿಲ್ಲಿಸುತ್ತಾರೆ. ಹಲಸಿನ ಸೊಳೆ ಹತ್ತು ಹದಿನೈದು ಹೋದದ್ದು ತಿಂದವರಿಗೇ ಗೊತ್ತಾಗುವುದಿಲ್ಲ. 200 ಗ್ರಾಂ ತಿಂದರೆ 900 ಮಿಲಿಗ್ರಾಂ ಆಯಿತು.

ಅದೇ ಕೋಷ್ಟಕದಲ್ಲಿ ಉಳಿದ ಹಣ್ಣುಗಳ ಸ್ಥಾನ ಹೀಗಿದೆ. ಎಲ್ಲವೂ 100 ಗ್ರಾಂ ತಿರುಳಿಗೆ, ಮಿಲಿಗ್ರಾಂಗಳಲ್ಲಿ. ಮೇಲಿನ ಸಾಲಿನಲ್ಲಿ ಹಲಸು, ಪೇರಳೆ 415, ಬಾಳೆ. ನಡುವಿನ ಸಾಲಿನಲ್ಲಿ ದಾಳಿಂಬೆ 235, ಚಿಕ್ಕು 190, ದ್ರಾಕ್ಷಿ 190, ಕಿತ್ತಳೆ 180, ಪಪ್ಪಾಯಿ 180, ಮಾವು 170. ಕೆಳಗಿನ ಸಾಲಿನಲ್ಲಿ ಕಲ್ಲಂಗಡಿ 110, ಅನಾನಸು 110, ಸೇಬು 105, ನೇರಳೆ 80. ತಳಿ, ಮಣ್ಣು, ಹಣ್ಣಾದ ಹದ ಇವುಗಳಿಂದ ಈ ಅಂಕಿಗಳು ಅಷ್ಟಿಷ್ಟು ಬದಲಾಗುತ್ತವೆ. ಆದರೆ ಸಾಲು ಬದಲಾಗುವುದು ಕಡಿಮೆ.

ಒಣಗಿಸಿದ ಹಣ್ಣುಗಳದ್ದು ಬೇರೆಯೇ ಕಥೆ. ನೀರು ಹೋದರೂ ಪೊಟ್ಯಾಸಿಯಂ ಹೋಗುವುದಿಲ್ಲ. ಒಣದ್ರಾಕ್ಷಿಯಲ್ಲಿ 100 ಗ್ರಾಂಗೆ ಸುಮಾರು 750, ಖರ್ಜೂರದಲ್ಲಿ 650. ಮಾವಿನ ರಸವನ್ನು ಬಿಸಿಲಲ್ಲಿ ಪದರ ಪದರವಾಗಿ ಒಣಗಿಸಿದ ಮಾಂಬಳವೂ ಇದೇ ಜಾತಿಗೆ ಸೇರಿದ್ದು. ಅಂಗೈಯಷ್ಟು ಮಾಂಬಳದಲ್ಲಿ ಹಲವು ಮಾವಿನ ರಸ ಅಡಗಿರುತ್ತದೆ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವಾಗ ಒಂದು ಸಣ್ಣ ಖರ್ಜೂರ ಬಾಯಿಗಿಡುವುದರಿಂದ ದೇಹ ಸೇರುವುದು 50 ಮಿಲಿಗ್ರಾಂನಷ್ಟು. ದೊಡ್ಡ ಜಾತಿಯ ಖರ್ಜೂರವಾದರೆ ಒಂದಕ್ಕೇ 160 ದಾಟುತ್ತದೆ. ಸಂಪ್ರದಾಯ ಒಂದರಲ್ಲಿ ನಡೆಯುತ್ತದೆ, ಮುಷ್ಟಿ ತುಂಬ ಬೇಕಿಲ್ಲ. ಅಷ್ಟಮಿ, ಚೌತಿಗಳ ಫಲಾಹಾರಕ್ಕೂ ಇದೇ ಮಾತು ಅನ್ವಯಿಸುತ್ತದೆ: ಊಟ ಬಿಟ್ಟು ಬರೀ ಹಣ್ಣಿನಲ್ಲೇ ದಿನ ಕಳೆಯುವ ವ್ರತ ಈ ರೋಗಿಗಳಿಗೆ ಹೇಳಿಸಿದ್ದಲ್ಲ.

ಹಿಂಡಿದ ರಸವೂ ಹಾಗೆಯೇ. ಒಂದು ಕಿತ್ತಳೆ ಸುಲಿದು ತಿಂದರೆ ಹೊಟ್ಟೆ ತುಂಬಿದ ಭಾವ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಕಿತ್ತಳೆ ಬೇಕು. 250 ಮಿಲಿಲೀಟರಿನಲ್ಲಿ 500 ಮಿಲಿಗ್ರಾಂ ಪೊಟ್ಯಾಸಿಯಂ, ಅದೂ ನಾರಿಲ್ಲದೆ, ಬೇಗ ರಕ್ತ ಸೇರುವ ರೂಪದಲ್ಲಿ. ಸಕ್ಕರೆ ಕಾಯಿಲೆಯೂ ಇರುವ ಮೂತ್ರಪಿಂಡ ರೋಗಿಗೆ ಸಕ್ಕರೆ ಮಟ್ಟ ತೀರ ಇಳಿದಾಗ ಗಾಬರಿಯಲ್ಲಿ ಕಿತ್ತಳೆ ರಸ ಕುಡಿಸುವ ಬದಲು ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಕೊಡುವುದು ಕ್ಷೇಮ.

ದಾರೆಹುಳಿ: ಒಂದು ತುಂಡೂ ಬೇಡ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ರಮಾಣದ ಮಾತು. ಪ್ರಮಾಣದ ಮಾತೇ ಇಲ್ಲದ ಹಣ್ಣೊಂದಿದೆ. ಕನ್ನಡದಲ್ಲಿ ದಾರೆಹುಳಿ, ಕೆಲವೆಡೆ ಕಮರಾಕ್ಷಿ, ತುಳುವಿನಲ್ಲಿ ದಾರೆಪುಳಿ. ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುವ ಹಳದಿ ಹಣ್ಣು. ಶಾಲೆ ಬಿಟ್ಟ ಮಕ್ಕಳು ಉಪ್ಪು, ಮೆಣಸಿನ ಪುಡಿ ಉದುರಿಸಿ ಚಪ್ಪರಿಸುವುದು ಇದನ್ನೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಮರದ ಕುಲಕ್ಕೆ 'ಅವೆರೋವ' ಎಂದು ಹೆಸರಿಟ್ಟದ್ದು ಅವೆರೋಸ್ ಎಂದು ಯುರೋಪಿನಲ್ಲಿ ಹೆಸರಾದ 12ನೆಯ ಶತಮಾನದ ವೈದ್ಯ, ದಾರ್ಶನಿಕ ಇಬ್ನ್ ರುಶ್ದ್ ಅವರ ನೆನಪಿಗೆ. ವೈದ್ಯನ ಹೆಸರು ಹೊತ್ತ ಮರದ ಹಣ್ಣು ವೈದ್ಯರ ನಿದ್ದೆಗೆಡಿಸಿದ್ದು ವಿಚಿತ್ರ.

ಬ್ರೆಜಿಲ್ ದೇಶದ ವೈದ್ಯರು 1998ರಲ್ಲಿ ಆರು ಮಂದಿ ಮೂತ್ರಪಿಂಡ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ದಾರೆಹುಳಿ ತಿಂದ ಬಳಿಕ ಅವರಿಗೆ ನಿಲ್ಲದ ಬಿಕ್ಕಳಿಕೆ, ವಾಂತಿ, ನಿದ್ರಾಹೀನತೆ, ತಳಮಳ ಶುರುವಾಗಿತ್ತು. 2003ರಲ್ಲಿ ಅದೇ ದೇಶದಿಂದ 32 ರೋಗಿಗಳ ವರದಿ ಬಂತು. ತೈವಾನಿನಿಂದಲೂ ಇಂಥವೇ ವರದಿಗಳು ಬಂದವು. ಬುದ್ಧಿಭ್ರಮಣೆ, ಅಪಸ್ಮಾರದಂಥ ಸೆಳೆತ, ಸಾವು ಕೂಡ ಅವುಗಳಲ್ಲಿ ದಾಖಲಾಗಿವೆ. ಅಪರಾಧಿ ಪೊಟ್ಯಾಸಿಯಂ ಅಲ್ಲವೆಂಬುದು ಸ್ಪಷ್ಟವಾಗಿತ್ತು. ಅದು ಯಾರೆಂದು ತಿಳಿದದ್ದು 2013ರಲ್ಲಿ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು ಹಣ್ಣಿನಿಂದ 'ಕ್ಯಾರಂಬಾಕ್ಸಿನ್' ಎಂಬ ವಿಷವಸ್ತುವನ್ನು ಬೇರ್ಪಡಿಸಿದರು. ಫೀನೈಲ್ ಅಲನಿನ್ ಎಂಬ ಅಮೈನೋ ಆಮ್ಲವನ್ನು ಹೋಲುವ ಈ ವಸ್ತು ಮೆದುಳಿನ ನರಕೋಶಗಳನ್ನು ವಿಪರೀತ ಕೆರಳಿಸುತ್ತದೆ. ಆರೋಗ್ಯವಂತರ ಮೂತ್ರಪಿಂಡ ಇದನ್ನು ಹೊರಹಾಕುತ್ತದೆ. ಸೋತ ಮೂತ್ರಪಿಂಡ ಹೊರಹಾಕದೆ, ಅದು ರಕ್ತದಲ್ಲಿ ಶೇಖರವಾಗಿ ಮೆದುಳನ್ನು ತಲುಪುತ್ತದೆ.

ಆದ್ದರಿಂದ ಮೂತ್ರಪಿಂಡ ಕಾಯಿಲೆ ಇರುವವರಿಗೆ ದಾರೆಹುಳಿ ಹಸಿಯಾಗಿ, ರಸವಾಗಿ, ಉಪ್ಪಿನಕಾಯಿಯಾಗಿ, ಯಾವ ರೂಪದಲ್ಲೂ ಬೇಡ. ಅರಿಯದೆ ತಿಂದು ಬಿಕ್ಕಳಿಕೆ ಶುರುವಾದರೆ ನೀರು ಕುಡಿಸಿ ಕಾಯುತ್ತ ಕೂರುವ ಹೊತ್ತಲ್ಲ ಅದು. ನೇರ ಆಸ್ಪತ್ರೆಗೆ ಹೋಗಿ, ತಿಂದ ಹಣ್ಣಿನ ಹೆಸರನ್ನು ಹೇಳಬೇಕು. ಬೇಗ ಡಯಾಲಿಸಿಸ್ ಮಾಡಿದವರು ಚೇತರಿಸಿಕೊಂಡಿದ್ದಾರೆ.

ಬಿಂಬುಳಿ ರಸದ ಪಾಠ

ದಾರೆಹುಳಿಯ ಒಡಹುಟ್ಟು ಬಿಂಬುಳಿ. ಮಂಗಳೂರಿನ ಹಿತ್ತಿಲುಗಳಲ್ಲಿ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ ಈ ಹಸಿರು ಕಾಯಿ ಮೀನಿನ ಪದಾರ್ಥಕ್ಕೂ ಉಪ್ಪಿನಕಾಯಿಗೂ ಹುಳಿ ಕೊಡುತ್ತದೆ. ಪದಾರ್ಥಕ್ಕೆ ನಾಲ್ಕು ಕಾಯಿ ಹಾಕಿ ಎಂಟು ಮಂದಿ ಉಣ್ಣುವ ಅಡುಗೆಯಿಂದ ಆರೋಗ್ಯವಂತರಿಗೆ ತೊಂದರೆಯಾದದ್ದಿಲ್ಲ. ತೊಂದರೆ ಶುರುವಾದದ್ದು ಅದನ್ನು ಔಷಧಿಯೆಂದು ಲೋಟದಲ್ಲಿ ಕುಡಿಯಲು ತೊಡಗಿದಾಗ.

ನೆರೆಯ ಕೇರಳದಲ್ಲಿ ಇದನ್ನು ಇರುಂಬನ್ ಪುಳಿ ಎನ್ನುತ್ತಾರೆ. ಅಲ್ಲಿ ಕೊಲೆಸ್ಟರಾಲ್ ಇಳಿಸುತ್ತದೆಂಬ ನಂಬಿಕೆಯಿಂದ ಇದರ ಗಟ್ಟಿ ರಸ ಕುಡಿಯುವವರಿದ್ದರು. ರಸ ಕುಡಿದ ಬಳಿಕ ಮೂತ್ರಪಿಂಡಗಳು ದಿಢೀರನೆ ಕೈಕೊಟ್ಟ 10 ಮಂದಿಯ ವಿವರ 2013ರಲ್ಲಿ ಭಾರತದ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇರಳದ ಐದು ಆಸ್ಪತ್ರೆಗಳಿಂದ ಕಲೆಹಾಕಿದ ಪ್ರಕರಣಗಳವು. ಹತ್ತರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಮೂವರು ಅದಿಲ್ಲದೆ ಚೇತರಿಸಿಕೊಂಡರು.

ಇಲ್ಲಿನ ಅಪರಾಧಿ ಆಕ್ಸಾಲಿಕ್ ಆಮ್ಲ. ತುಕ್ಕಿನ ಕಲೆ ತೆಗೆಯಲು ಬಳಸುವ ಆಮ್ಲವೂ ಇದೇ. ಬಿಂಬುಳಿಯ ಗಟ್ಟಿ ರಸದಲ್ಲಿ ಇದು ಬಹಳ ಹೆಚ್ಚಾಗಿರುತ್ತದೆ. ಇದು ದೇಹದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿದಾಗ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಾಗುತ್ತವೆ. ಪ್ರಯೋಗಾಲಯದ ಪ್ರನಾಳದಲ್ಲಿ ವಿದ್ಯಾರ್ಥಿಗಳು ಬಿಳಿಯ ಒತ್ತರವಾಗಿ ನೋಡುವ ಅದೇ ಕ್ರಿಯೆ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ನಡೆದರೆ ನಾಳಗಳು ಕಟ್ಟಿಕೊಳ್ಳುತ್ತವೆ. ದಾರೆಹುಳಿಯಲ್ಲಿಯೂ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಖಾಲಿ ಹೊಟ್ಟೆಯಲ್ಲಿ ಇವುಗಳ ಗಟ್ಟಿ ರಸ ಕುಡಿಯುವುದು ಆರೋಗ್ಯವಂತರಿಗೂ ಸಲ್ಲದು. ಮೂತ್ರಪಿಂಡ ಮೊದಲೇ ದಣಿದವರಿಗಂತೂ ಕೂಡದು.

ಬೆಳಗಿನ ನಡಿಗೆಯ ಬಳಿಕ ಬಗೆಬಗೆಯ ಆರೋಗ್ಯ ರಸ ಕುಡಿಯುವ ಹವ್ಯಾಸ ನಗರಗಳಲ್ಲಿ ಹಬ್ಬಿದೆ. ಅಂಥವುಗಳಲ್ಲಿ ಒಂದಾದ ನೋನಿ ರಸದಿಂದ ಮೂತ್ರಪಿಂಡ ರೋಗಿಯೊಬ್ಬರ ಪೊಟ್ಯಾಸಿಯಂ ಏರಿದ ಪ್ರಕರಣ 2000ದಲ್ಲೇ ಅಮೆರಿಕದಲ್ಲಿ ವರದಿಯಾಗಿತ್ತು. 'ಸಿ' ಜೀವಸತ್ವವನ್ನು ಅತಿಯಾಗಿ ಸೇವಿಸಿದರೆ ಅದರ ಒಂದಂಶ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಡುತ್ತದೆ. 'ನೈಸರ್ಗಿಕ' ಎಂಬ ಪದ ಬಾಟಲಿಯ ಮೇಲಿದ್ದ ಮಾತ್ರಕ್ಕೆ ಒಳಗಿರುವುದು ಎಲ್ಲರಿಗೂ ಒಗ್ಗುತ್ತದೆಂದು ಅರ್ಥವಲ್ಲ; ದಾರೆಹುಳಿಯ ವಿಷವೂ ನೈಸರ್ಗಿಕವೇ.

ಹಾಗಾದರೆ ತಿನ್ನುವುದೇನು?

ಇಷ್ಟೆಲ್ಲ ಓದಿ ಹಣ್ಣಿನ ಬುಟ್ಟಿಯನ್ನೇ ಅಟ್ಟಕ್ಕೇರಿಸಿದರೆ ಅದೂ ತಪ್ಪು. ಮೂತ್ರಪಿಂಡ ರೋಗಗಳಿಗೆ ಜಾಗತಿಕ ಮಾರ್ಗಸೂಚಿ ರೂಪಿಸುವ 'ಕೆಡಿಗೊ' ಸಂಸ್ಥೆ 2024ರಲ್ಲಿ ಹೊರತಂದ ಸೂಚಿಯಲ್ಲಿ, ಪ್ರಾಣಿಜನ್ಯ ಆಹಾರಕ್ಕಿಂತ ಸಸ್ಯಜನ್ಯ ಆಹಾರಕ್ಕೆ ಹೆಚ್ಚು ಸ್ಥಾನ ಕೊಡಬೇಕು, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸನ್ನು ಕಡಿಮೆ ಮಾಡಬೇಕು ಎಂದಿದೆ. ಅದಕ್ಕೆ ಕಾರಣಗಳಿವೆ. ಇಡೀ ಹಣ್ಣಿನಲ್ಲಿರುವ ಪೊಟ್ಯಾಸಿಯಂ ಪೂರ್ತಿಯಾಗಿ ದೇಹ ಸೇರುವುದಿಲ್ಲ. ಪೊಟ್ಟಣದ ತಿನಿಸುಗಳಿಗೆ ಬೆರೆಸಿದ ಪೊಟ್ಯಾಸಿಯಂ ಲವಣಗಳು ಬಹುಮಟ್ಟಿಗೆ ಸೇರಿಬಿಡುತ್ತವೆ. ಹಣ್ಣಿನ ನಾರು ಮಲಬದ್ಧತೆ ತಡೆಯುತ್ತದೆ. ಮೂತ್ರಪಿಂಡ ಸೋತಾಗ ಪೊಟ್ಯಾಸಿಯಂನ ಒಂದು ಪಾಲು ಕರುಳಿನ ಮೂಲಕ ಹೊರಹೋಗುವುದರಿಂದ ಮಲ ಸರಾಗವಾಗಿರುವುದೂ ಈ ರೋಗಿಗಳಿಗೆ ಮುಖ್ಯ. ಅಲ್ಲದೆ ಮೂತ್ರಪಿಂಡ ರೋಗಿಗಳ ಇನ್ನೊಂದು ಶತ್ರುವಾದ ರಂಜಕ ಹಣ್ಣುಗಳಲ್ಲಿ ಬಹಳ ಕಡಿಮೆ.

ರಕ್ತದ ಪೊಟ್ಯಾಸಿಯಂ ಸರಿಯಾದ ಮಟ್ಟದಲ್ಲಿರುವ ರೋಗಿಗೆ ಹಣ್ಣಿನ ಕಟ್ಟುನಿಟ್ಟಿನ ಪಥ್ಯ ಬೇಕಾಗುವುದಿಲ್ಲ; ದಾರೆಹುಳಿ, ಬಿಂಬುಳಿಗಳ ನಿಷೇಧವಷ್ಟೇ ಎಲ್ಲರಿಗೂ ಸಮಾನ. ಮಟ್ಟ ಏರಿದವರು ಕೆಳಗಿನ ಸಾಲಿನ ಹಣ್ಣುಗಳನ್ನು ಆರಿಸಿಕೊಳ್ಳಬಹುದು. ಒಂದು ಸಣ್ಣ ಸೇಬು, ಎರಡು ಬಿಲ್ಲೆ ಅನಾನಸು, ಒಂದು ಹಿಡಿ ನೇರಳೆ: ಯಾವುದಾದರೂ ಒಂದರಿಂದ ದೇಹ ಸೇರುವುದು 100 ಮಿಲಿಗ್ರಾಂ ಆಸುಪಾಸು. ದಿನಕ್ಕೆ ಒಂದೆರಡು ಬಾರಿ ಇಷ್ಟು ತಿನ್ನಲು ವೈದ್ಯರು ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಕಲ್ಲಂಗಡಿಯ ಅಂಕಿ ಚಿಕ್ಕದಾದರೂ ಅದರ ಹೋಳು ದೊಡ್ಡದು. ಅದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ನೀರಿನ ಮಿತಿ ಇರುವವರು ಅದನ್ನೂ ಕುಡಿದ ನೀರಿನ ಲೆಕ್ಕಕ್ಕೇ ಸೇರಿಸಬೇಕು. ಮಾವಿನ ಕಾಲದಲ್ಲಿ ಮಾವು ತಿನ್ನಲೇಬೇಕೆನಿಸಿದರೆ ಒಂದು ಕೆನ್ನೆ ತಿಂದು, ಅಂದು ಬೇರೆ ಹಣ್ಣು ಬಿಡಬಹುದು. ಸಣ್ಣ ಕದಳಿ ಬಾಳೆಯ ತಿರುಳು 50 ಗ್ರಾಂನಷ್ಟಿದ್ದರೆ 180 ಮಿಲಿಗ್ರಾಂ ಆಯಿತು. ದೊಡ್ಡ ನೇಂದ್ರಕ್ಕಿಂತ ಅದೇ ವಾಸಿ.

ಕಾಯಿಪಲ್ಯಕ್ಕೆ ಕರಾವಳಿಯ ಅಡುಗೆಮನೆಯಲ್ಲೇ ಉಪಾಯವಿದೆ. ಬಾಳೆಕಾಯಿ, ಗುಜ್ಜೆಯಂಥವನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂನ ಒಳ್ಳೆಯ ಪಾಲು ನೀರಿನೊಡನೆ ಹೋಗುತ್ತದೆ. ಬಸಿದ ನೀರಿನಲ್ಲಿ ಸಾರು ಮಾಡುವ ಮಿತವ್ಯಯ ಮಾತ್ರ ಇಲ್ಲಿ ಬೇಡ. ಉಪ್ಪಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರಲಾಗುವ ಕಡಿಮೆ ಸೋಡಿಯಂನ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಾಳೆಹಣ್ಣು ಬಿಟ್ಟು ಈ ಉಪ್ಪು ತಿಂದರೆ ಪ್ರಯೋಜನವಿಲ್ಲ.

ಡಯಾಲಿಸಿಸ್ ಇರುವವರಿಗೆ

ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಮೊದಲ ಕೃತಕ ಮೂತ್ರಪಿಂಡ ಯಂತ್ರವನ್ನು ರೋಗಿಗೆ ಬಳಸಿದರು. ಇಂದು ಮಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಷ್ಟೇ ಅಲ್ಲ, ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಸೌಲಭ್ಯವಿದೆ. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು.

ಯಂತ್ರ ವಾರಕ್ಕೆ ಎರಡು ಮೂರು ಬಾರಿ, ಒಂದು ಸಲಕ್ಕೆ ನಾಲ್ಕು ಗಂಟೆಯಷ್ಟು ಕೆಲಸ ಮಾಡುತ್ತದೆ. ನಿಜವಾದ ಮೂತ್ರಪಿಂಡ ದಿನದ 24 ಗಂಟೆಯೂ ದುಡಿಯುತ್ತದೆ. ಎರಡು ಡಯಾಲಿಸಿಸ್‌ಗಳ ನಡುವೆ ತಿಂದ ಪೊಟ್ಯಾಸಿಯಂ ಬಹುಪಾಲು ರಕ್ತದಲ್ಲೇ ಕಾಯುತ್ತದೆ. ಅಂತರ ಹೆಚ್ಚಾದಷ್ಟೂ ಅಪಾಯ ಹೆಚ್ಚು. ವಾರದ ಕೊನೆಯ ಆ ಉದ್ದನೆಯ ಬಿಡುವಿನಲ್ಲೇ ಮದುವೆ, ಗೃಹಪ್ರವೇಶ, ನೆಂಟರ ಮನೆಯ ಹಣ್ಣು-ಪಾನಕ ಬರುತ್ತವೆ ಎಂಬುದನ್ನು ಮನೆಯವರು ಮರೆಯಬಾರದು. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ಪ್ರತಿದಿನ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕೆಲವೊಮ್ಮೆ ಕಡಿಮೆಯೇ ಆಗಬಹುದು. ಅಂಥವರಿಗೆ ಹಣ್ಣು ಹೆಚ್ಚು ತಿನ್ನಿ ಎಂದು ವೈದ್ಯರೇ ಹೇಳುವುದುಂಟು. ಒಬ್ಬರ ಪಥ್ಯ ಇನ್ನೊಬ್ಬರಿಗೆ ಒಗ್ಗದಿರುವುದು ಇದೇ ಕಾರಣಕ್ಕೆ.

ಬದಲಿ ಮೂತ್ರಪಿಂಡ ಹಾಕಿಸಿಕೊಂಡವರು ಚಕ್ಕೋತ ಮತ್ತು ಅದರ ಬಳಗದ ಗ್ರೇಪ್‌ಫ್ರೂಟ್ ತಿನ್ನಬಾರದು. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್‌ನಂಥ ಔಷಧಿ ದೇಹದಲ್ಲಿ ಕರಗುವುದನ್ನು ಈ ಹಣ್ಣುಗಳು ತಡೆದು, ರಕ್ತದಲ್ಲಿ ಔಷಧಿಯ ಮಟ್ಟ ಅಪಾಯಕರವಾಗಿ ಏರುವಂತೆ ಮಾಡುತ್ತವೆ.

ಮನೆಯ ವಿದ್ಯಾರ್ಥಿಯ ಪಾಲು

ಮಂಗಳೂರಿನಂಥ ಊರಿನಲ್ಲಿ ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದಾಗ ಅಜ್ಜ ಅಜ್ಜಿಯರ ಜೊತೆ ಮನೆಯಲ್ಲಿರುವವರು ಹೆಚ್ಚಾಗಿ ಶಾಲೆ ಕಾಲೇಜಿನ ಮಕ್ಕಳು. 'ಮಗಾ, ಒಂದು ಸೀಯಾಳ ಕೆತ್ತಿ ಕೊಡು' ಎಂದು ಅಜ್ಜ ಕೇಳುವುದೂ ಅವರನ್ನೇ. ಆದ್ದರಿಂದ ಈ ಲೆಕ್ಕ ದೊಡ್ಡವರಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಅಜ್ಜನ ರಕ್ತ ಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎಂಬ ಎರಡು ಸಾಲುಗಳನ್ನು ಹುಡುಕಿ, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ ಕಷ್ಟದ ಕೆಲಸವಲ್ಲ. ಮೂರು ನಾಲ್ಕು ಪರೀಕ್ಷೆಗಳ ಅಂಕಿ ಒಟ್ಟಿಗೆ ಕಂಡರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ; ವೈದ್ಯರ ಬಳಿಗೆ ಆ ಪುಸ್ತಕವನ್ನೇ ಒಯ್ದರೆ ಯಾವ ಹಣ್ಣು, ಎಷ್ಟು ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ 100 ಗ್ರಾಂ ಅನಾನಸು, 100 ಗ್ರಾಂ ಹಲಸು ತೂಗಿ ತಟ್ಟೆಯಲ್ಲಿಟ್ಟು ನೋಡಿದರೆ ಪುಟಗಟ್ಟಲೆ ಓದಿದ್ದಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯುತ್ತದೆ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವ ಅಪ್ಪ ಅಮ್ಮನಿಗೆ ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ನೆನಪಿಸುವುದೂ ಮಕ್ಕಳಿಂದ ಆಗುವ ಕೆಲಸ. 2006ರಿಂದ ಪ್ರತಿ ಮಾರ್ಚ್ ತಿಂಗಳ ಎರಡನೆಯ ಗುರುವಾರವನ್ನು ವಿಶ್ವ ಮೂತ್ರಪಿಂಡ ದಿನವಾಗಿ ಆಚರಿಸುವುದು ಇಂಥ ಪರೀಕ್ಷೆಗಳನ್ನು ನೆನಪಿಸಲಿಕ್ಕೇ.

ಅಪಾಯದ ಚಿಹ್ನೆಗಳನ್ನೂ ಅವರು ತಿಳಿದಿರಬೇಕು. ಇದ್ದಕ್ಕಿದ್ದಂತೆ ಕೈಕಾಲಿನ ಬಲ ಕುಂದುವುದು, ಎದೆ ಬಡಿತ ಏರುಪೇರಾಗುವುದು, ತಲೆ ಸುತ್ತಿ ಬೀಳುವುದು. ಪೊಟ್ಯಾಸಿಯಂ ಏರಿದವರಲ್ಲಿ ಯಾವ ಮುನ್ಸೂಚನೆಯೂ ಇಲ್ಲದಿರಬಹುದು. ಆದ್ದರಿಂದಲೇ ರಕ್ತ ಪರೀಕ್ಷೆಗೆ ಇಷ್ಟು ಮಹತ್ವ. ಚಿಹ್ನೆ ಕಂಡರೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಹೃದಯದ ವಿದ್ಯುತ್ ರೇಖೆ ತೆಗೆದು, ಕ್ಯಾಲ್ಸಿಯಂ ಚುಚ್ಚುಮದ್ದು, ಗ್ಲೂಕೋಸ್ ಜೊತೆ ಇನ್ಸುಲಿನ್, ಅಗತ್ಯ ಬಿದ್ದರೆ ಡಯಾಲಿಸಿಸ್ ಕೊಟ್ಟು ಜೀವ ಉಳಿಸಲು ಸಾಧ್ಯವಿದೆ.

ಇನ್ನು ಹಿತ್ತಿಲಿನ ದಾರೆಹುಳಿ ಮರ. ಅದನ್ನು ಕಡಿಯಬೇಕಿಲ್ಲ. ಹಣ್ಣು ಕೊಯ್ದು ನೆರೆಮನೆಗೆ ಹಂಚುವಾಗ ಆ ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರು ಯಾರಾದರೂ ಇದ್ದಾರೆಯೇ ಎಂದು ಒಂದು ಮಾತು ಕೇಳಿದರೆ ಸಾಕು.